ಕೂಪರ್ ನದಿಯ ಕತ್ತಲೆಗೆ ಒಂದು ಟಾರ್ಚ್: ಮೂರು ವರ್ಷ ಬಳಸಿದ ಮೇಲೆ

ಈ ಡೈವಿಂಗ್ ಟಾರ್ಚ್ ಕೊಂಡು ಮೂರು ವರ್ಷ ಆಯಿತು. ಇದನ್ನು ಕಟ್ಟಿಕೊಂಡು 40ಕ್ಕೂ ಹೆಚ್ಚು ಸಲ ನೀರಿಗಿಳಿದಿದ್ದೇನೆ. ಎಲ್ಲವೂ ಒಂದೇ ನದಿಯಲ್ಲಿ, ಅಮೆರಿಕದ ಸೌತ್ ಕೆರೊಲಿನಾದ ಕೂಪರ್ ನದಿಯಲ್ಲಿ. ಹುಡುಕುವುದು ಶಾರ್ಕ್ ಹಲ್ಲಿನ ಪಳೆಯುಳಿಕೆಗಳನ್ನು. ಹೆಲ್ಮೆಟ್‌ಗೆ ಸಿಕ್ಕಿಸುವ ಮಾದರಿ ಇದು. 1000 ಲೂಮೆನ್ ಬೆಳಕು, ಮತ್ತೆ ಮತ್ತೆ ಚಾರ್ಜ್ ಮಾಡುವ ಒಂದು 18650 ಬ್ಯಾಟರಿ, ಬೆಲೆ 95 ಡಾಲರ್. ಇಂಥದ್ದನ್ನೇ ಹಲವು ಕಂಪನಿಗಳು ಮಾಡುತ್ತವೆ, ಹಾಗಾಗಿ ಹೆಸರು ಬರೆಯುತ್ತಿಲ್ಲ.

ಕೂಪರ್ ನದಿಯ ನೀರು ಕಡು ಡಿಕಾಕ್ಷನ್ ಬಣ್ಣದ್ದು. ಕೊಳೆತ ಎಲೆ, ತೊಗಟೆಗಳಿಂದ ಇಳಿದ ಬಣ್ಣ ಅದು. ಮೂರ್ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಸುತ್ತಲೂ ಕಂದು, ಆಮೇಲೆ ಪೂರ್ತಿ ಕಪ್ಪು. 8–10 ಮೀಟರ್ ಆಳದ ತಳದಲ್ಲಿ ನಡು ಮಧ್ಯಾಹ್ನವೂ ಕಗ್ಗತ್ತಲೆ. ಟಾರ್ಚ್ ತೋರಿಸಿದಷ್ಟು ಜಾಗ ಮಾತ್ರ ಕಾಣುತ್ತದೆ, ಒಂದು ಊಟದ ತಟ್ಟೆಯಷ್ಟು. ಅದಕ್ಕೇ ಈ ನದಿಯಲ್ಲಿ ಬೇರೆ ಯಾವ ಸಾಮಾನಿಗಿಂತಲೂ ಟಾರ್ಚ್ ಬಗ್ಗೆ ನನಗೆ ಕಾಳಜಿ ಜಾಸ್ತಿ.

ಮೊದಲ ವರ್ಷ ಇದನ್ನು ಹೆಲ್ಮೆಟ್ ಮುಂದೆ, ಹಣೆಯ ನೇರಕ್ಕೆ ಸಿಕ್ಕಿಸಿ, ಪೂರ್ತಿ ಬೆಳಕಿನಲ್ಲಿ ಉರಿಸುತ್ತಿದ್ದೆ. ಕಂಡದ್ದು ಬರೀ ಬೆಳ್ಳಗಿನ ಮಬ್ಬು. ನೀರಿನಲ್ಲಿ ತೇಲುವ ಕೆಸರಿನ ಕಣಗಳಿಗೆ ಬೆಳಕು ಬಡಿದು ಸೀದಾ ಕಣ್ಣಿಗೇ ವಾಪಸ್ ಬರುತ್ತದೆ. ಮಂಜು ಕವಿದ ರಸ್ತೆಯಲ್ಲಿ ಹೈ ಬೀಮ್ ಹಾಕಿದ ಹಾಗೆ. ಆ ವರ್ಷ ಸಿಕ್ಕಿದ್ದೆಲ್ಲ ಸಣ್ಣ ಹಲ್ಲುಗಳು, ಅದೂ ಬೆರಳಿಗೆ ತಗುಲಿ ಸಿಕ್ಕಿದ್ದು.

ಎರಡನೇ ವರ್ಷ ಅದನ್ನು ಹೆಲ್ಮೆಟ್‌ನಿಂದ ತೆಗೆದು ಎಡಗೈಯ ಹಿಂಬದಿಗೆ ಪಟ್ಟಿ ಹಾಕಿ ಕಟ್ಟಿದೆ. ಬೆಳಕನ್ನು ಮಧ್ಯಮಕ್ಕೆ ಇಳಿಸಿದೆ. ಕೈಯನ್ನು ತಳಕ್ಕೆ ತಾಗುವಷ್ಟು ಕೆಳಗಿಟ್ಟು, ಜಲ್ಲಿಯ ಮೇಲೆ ಬೆಳಕು ಅಡ್ಡಡ್ಡ ಹರಿಯುವ ಹಾಗೆ ಹಿಡಿದೆ. ಅಷ್ಟೇ, ಎಲ್ಲ ಬದಲಾಯಿತು! ಪ್ರತಿ ಕಲ್ಲಿಗೂ ಒಂದು ನೆರಳು. ಕಲ್ಲುಗಳೆಲ್ಲ ಮಂಕು, ಹಲ್ಲು ಮಾತ್ರ ಮಿನುಗುತ್ತದೆ. ಶಾರ್ಕ್‌ನ ಅಸ್ಥಿಪಂಜರ ಮೆದುಎಲುಬಿನದ್ದು, ಅದು ಉಳಿಯುವುದು ಅಪರೂಪ. ಆದರೆ ಒಂದು ಶಾರ್ಕ್ ಬದುಕಿನುದ್ದಕ್ಕೂ ಸಾವಿರಾರು ಹಲ್ಲು ಉದುರಿಸುತ್ತದೆ. ಆ ಹಲ್ಲಿನ ಗಟ್ಟಿ ಮೇಲ್ಪದರ ಲಕ್ಷಾಂತರ ವರ್ಷದ ಮೇಲೂ ಹೊಳಪು ಬಿಟ್ಟಿರುವುದಿಲ್ಲ.

ಮೆಗಲೊಡಾನ್ ಅನ್ನುವ ದೈತ್ಯ ಶಾರ್ಕ್‌ನ ನನ್ನ ಮೊದಲ ದೊಡ್ಡ ಹಲ್ಲು ಸಿಕ್ಕಿದ್ದು ಹೀಗೆಯೇ. ಜಲ್ಲಿಯಲ್ಲಿ ಒಂದು ಬೆರಳಗಲದ ಹೊಳಪು, ಅಷ್ಟೇ ಕಂಡಿತ್ತು. ಸುತ್ತಲಿನ ಜಲ್ಲಿ ಸರಿಸಿದೆ. ಎಳೆದ ಹಾಗೆಲ್ಲ ಹೊರಗೆ ಬರುತ್ತಲೇ ಹೋಯಿತು. ಐದು ಇಂಚು, ಬೂದು ಹಸಿರು ಬಣ್ಣ. ಅಂಚಿನ ಗರಗಸದಂಥ ಸಣ್ಣ ಹಲ್ಲುಗಳು ಗ್ಲೌಸ್ ಒಳಗಿನ ಬೆರಳಿಗೂ ಗೊತ್ತಾಗುತ್ತಿದ್ದವು. ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿದುಹೋದ ಪ್ರಾಣಿ ಅದು. ಕತ್ತಲೆಯಲ್ಲಿ ಒಬ್ಬನೇ ಅದನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಆಳ, ಸಮಯ ತೋರಿಸುವ ಮಣಿಕಟ್ಟಿನ ಡೈವ್ ಕಂಪ್ಯೂಟರ್ ನೋಡಿದ ಮೇಲೇ ಎಚ್ಚರವಾಯಿತು.

ಕೈಗೆ ಕಟ್ಟಿದರೆ ಇನ್ನೊಂದು ಅನುಕೂಲ ಇದೆ. ಇಲ್ಲಿ ಸಮುದ್ರದ ಭರತ ಇಳಿತದ ಸೆಳೆತ ಜೋರು. ಬಲಗೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ತಳಕ್ಕೆ ಚುಚ್ಚಿ ನಿಲ್ಲಬೇಕು. ಎಡಗೈಯ ಬೆರಳುಗಳು ಬಿಡುವಾಗಿದ್ದರೆ ಜಲ್ಲಿ ಸರಿಸಬಹುದು. ಮುಖ ಸೆಳೆತಕ್ಕೆ ಎದುರಾಗಿರಲಿ, ಎದ್ದ ಕೆಸರು ಹಿಂದಕ್ಕೆ ಹೋಗುತ್ತದೆ.

ಇನ್ನು ತೊಂದರೆಗಳು. ಪೆಟ್ಟಿಗೆಯ ಮೇಲೆ ಎರಡು ಗಂಟೆ ಅಂತ ಬರೆದಿತ್ತು. ಪೂರ್ತಿ ಬೆಳಕಿನಲ್ಲಿ ಹೊಸದರಲ್ಲೇ 70 ನಿಮಿಷ ಬಂತು, ಈಗ 50. ಮಧ್ಯಮದಲ್ಲಿ ಒಂದು ಡೈವ್‌ಗೆ ಧಾರಾಳ. ತಿರುಗಿಸುವ ಸ್ವಿಚ್ಚಿನೊಳಗೆ ಸಣ್ಣ ಮರಳು ಸೇರಿ ಬಿಗಿಯಾಗುತ್ತದೆ. ಪ್ರತಿ ಡೈವ್ ಆದಮೇಲೆ ಸಿಹಿನೀರಿನಲ್ಲಿ ನೆನೆಸಿ, ಆಚೀಚೆ ತಿರುಗಿಸಲೇಬೇಕು.

ದೊಡ್ಡ ಪೆಟ್ಟು ಕೊಟ್ಟದ್ದು ಓ-ರಿಂಗ್, ಟಾರ್ಚ್ ಒಳಗೆ ನೀರು ಬಾರದಂತೆ ತಡೆಯುವ ರಬ್ಬರ್ ಬಳೆ. ಹದಿನೆಂಟನೇ ತಿಂಗಳಲ್ಲಿ ತಳದಲ್ಲಿದ್ದಾಗಲೇ ನೀರು ನುಗ್ಗಿ ಆರಿಹೋಯಿತು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಸ್ಕ್ರೂಡ್ರೈವರ್ ಬಿಡದೆ, ಉಸಿರು ನಿಧಾನ ಮಾಡಿ, ಜೇಬಿನ ಬಿಡಿ ಟಾರ್ಚ್ ತಡಕಿ ಹಚ್ಚಿದೆ. ಎರಡು ಬಿಡಿ ಟಾರ್ಚ್ ಇಲ್ಲದೆ ಈ ನದಿಗೆ ದಯವಿಟ್ಟು ಇಳಿಯಬೇಡಿ. ಕಂಪನಿ ವಾರಂಟಿಗೆ ಎರಡು ತಿಂಗಳು ಕಾಯಿಸಿತು, ಕೊನೆಗೆ ಬೇರೆ ಕೊಟ್ಟಿತು. ಈಗ ಪ್ರತಿ ಸಲ ಓ-ರಿಂಗ್ ತೆಗೆದು ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರುತ್ತೇನೆ. ಆಮೇಲೆ ಒಮ್ಮೆಯೂ ಸೋರಿಲ್ಲ.

ಈ ರಾಜ್ಯದಲ್ಲಿ ನದಿ ತಳದಿಂದ ಪಳೆಯುಳಿಕೆ ಎತ್ತಲು ಹವ್ಯಾಸಿ ಲೈಸೆನ್ಸ್ ಬೇಕು ಅನ್ನುವುದನ್ನು ಮರೆಯಬೇಡಿ. 1991ರ ಕಾನೂನು ಇದೆ. ಸಿಕ್ಕಿದ್ದನ್ನು ವರದಿ ಮಾಡಬೇಕು. ಸುಮ್ನೆ ಕಾಗದದ ಕೆಲಸ ಅನ್ನಿಸಬಹುದು, ಆದರೆ ಎಲ್ಲಿ ಏನು ಸಿಕ್ಕಿತು ಅನ್ನುವ ದಾಖಲೆ ಉಳಿಯುವುದು ಅದರಿಂದಲೇ ಅಲ್ವಾ.

ಫ್ಲಾರಿಡಾದ ವೆನಿಸ್ ಕಡೆ ಹುಡುಕುವವರಿಗೆ ಇಷ್ಟು ಟಾರ್ಚ್ ಬೇಕಿಲ್ಲ, ಅಲ್ಲಿ ಹಗಲು ಬೆಳಕು ಸಮುದ್ರದ ತಳಕ್ಕೂ ಇಳಿಯುತ್ತದೆ. ಕೂಪರ್ ನದಿಗಾದರೆ ಕೊಳ್ಳಿ, ಆದರೆ ತುಸು ಹಳದಿ ಬೆಳಕಿನದ್ದು ಸಿಕ್ಕಿದರೆ ಅದನ್ನೇ ಆರಿಸಿ. ಈ ಕಂದು ನೀರು ನೀಲಿ ಬೆಳಕನ್ನು ಬೇಗ ನುಂಗುತ್ತದೆ, ನನ್ನದರ ನೀಲಿ ಬಿಳುಪು ಬಹುಪಾಲು ಅಲ್ಲೇ ವ್ಯರ್ಥ. ಅಂಥದ್ದೊಂದು ಹೋದ ವಾರ ತರಿಸಿದ್ದೇನೆ. ಮುಂದಿನ ಡೈವ್‌ನಲ್ಲಿ ಎಡಗೈಗೆ ಅದು, ಜೇಬಿಗೆ ಈ ಹಳೆಯದು.