ಲ್ಯಾಮೆಲ್ಲರ್ ಬಾಡಿ ಎಣಿಕೆ: ಅಗ್ಗ, ವೇಗ, ಆದರೆ ರಕ್ತ ಬೆರೆಯಬಾರದು

ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದಾಗ ಮಗುವಿನ ಶ್ವಾಸಕೋಶ ಬಲಿತಿದೆಯೇ ಎಂದು ನೋಡಲು ಗರ್ಭದ್ರವದಲ್ಲಿನ ಲ್ಯಾಮೆಲ್ಲರ್ ಬಾಡಿಗಳನ್ನು ಎಣಿಸುವುದಕ್ಕಿಂತ ಸರಳ ಪರೀಕ್ಷೆ ಸಿಗುವುದು ಕಷ್ಟ. ಹೊಸ ಯಂತ್ರವೇ ಬೇಡ. ಸರ್ಫ್ಯಾಕ್ಟಂಟ್ (ಶ್ವಾಸಕೋಶದ ಗಾಳಿಚೀಲಗಳು ಕುಸಿಯದಂತೆ ತಡೆಯುವ ವಸ್ತು) ತುಂಬಿದ ಈ ಕಣಗಳು ಗಾತ್ರದಲ್ಲಿ ಪ್ಲೇಟ್‌ಲೆಟ್‌ಗಳಂತಿವೆ. ರಕ್ತಕಣ ಎಣಿಸುವ ಮಾಮೂಲಿ ಅನಲೈಸರ್‌ನ ಪ್ಲೇಟ್‌ಲೆಟ್ ಚಾನಲ್ಲೇ ಇವನ್ನೂ ಎಣಿಸುತ್ತದೆ. ಇದೇ ಉದ್ದೇಶಕ್ಕೆ ಗರ್ಭದ್ರವದ ಎರಡು ಕೊಬ್ಬಿನಂಶಗಳನ್ನು ಹೋಲಿಸುವ ಹಳೆಯ ಪರೀಕ್ಷೆಯಾದ ಲೆಸಿಥಿನ್–ಸ್ಫಿಂಗೊಮಯಲಿನ್ ಅನುಪಾತಕ್ಕೆ ಗಂಟೆಗಟ್ಟಲೆ ಬೇಕು, ಇದಕ್ಕೆ ಕೆಲವೇ ನಿಮಿಷ.

ಗರ್ಭದ್ರವದ ಟ್ಯೂಬನ್ನು ನಿಧಾನವಾಗಿ ಐದಾರು ಸಲ ಮಗುಚಿ ಬೆರೆಸಿ. ಸೆಂಟ್ರಿಫ್ಯೂಜ್‌ಗೆ ಹಾಕಲೇಬೇಡಿ, ಕಣಗಳು ತಳ ಸೇರಿ ಅಂಕಿ ಕುಸಿಯುತ್ತದೆ. ಸಾಮಾನ್ಯವಾಗಿ ಬಳಸುವ ಮಿತಿಯಲ್ಲಿ ಮೈಕ್ರೋಲೀಟರ್‌ಗೆ 50,000 ದಾಟಿದರೆ ಬಲಿತಿದೆ, 15,000ಕ್ಕಿಂತ ಕಡಿಮೆಯಾದರೆ ಬಲಿತಿಲ್ಲ. ನಡುವೆ ಬಂದರೆ ಬೇರೆ ಪರೀಕ್ಷೆಯೇ ಗತಿ.

ದೊಡ್ಡ ತಲೆನೋವು ರಕ್ತ. ಮೊದಲು ಅದರ ಪ್ಲೇಟ್‌ಲೆಟ್‌ಗಳೇ ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ. ಹೆಪ್ಪುಗಟ್ಟಿದ ಮೇಲೆ ಕಣಗಳು ಅದರಲ್ಲಿ ಸಿಕ್ಕಿಬಿದ್ದು ಇಳಿಯುತ್ತದೆ. ಹೆಮಟೋಕ್ರಿಟ್ (ಕೆಂಪು ರಕ್ತಕಣಗಳ ಪಾಲು) ಶೇ. 1 ಮೀರಿದ ಮಾದರಿ ಬೇಡ. ಲೋಳೆ ಕಂಡರೂ ಅಷ್ಟೆ. ಅನಲೈಸರ್‌ನಿಂದ ಅನಲೈಸರ್‌ಗೆ ಅಂಕಿ ಬದಲಾಗುತ್ತದೆ, ಹಾಗಾಗಿ ಪಕ್ಕದ ಲ್ಯಾಬಿನ ಮಿತಿಯನ್ನು ಎರವಲು ತರಬೇಡಿ.

‘ಬಲಿತಿದೆ’ ಎಂಬ ಉತ್ತರವನ್ನು ಬಹುಮಟ್ಟಿಗೆ ನಂಬಬಹುದು. ‘ಬಲಿತಿಲ್ಲ’ ಎಂಬುದನ್ನು ಅಷ್ಟಾಗಿ ಅಲ್ಲ: ಹಾಗೆ ವರದಿಯಾದ ಎಷ್ಟೋ ಮಕ್ಕಳು ತೊಂದರೆಯಿಲ್ಲದೆ ಉಸಿರಾಡುತ್ತವೆ.