ಗೋಳಗುಮ್ಮಟದ ಮುಂದಿನ ಮ್ಯೂಸಿಯಂ: ಕೂಗೋಕೆ ಓಡುವ ಮೊದಲು ಇಲ್ಲಿ ಒಂದು ತಾಸು ಇರಿ

ವಿಜಯಪುರಕ್ಕೆ ಬಂದವರು ಸಾಮಾನ್ಯವಾಗಿ ಮಾಡೋದು ಇಷ್ಟು. ಆಟೊ ಇಳಿದು, ಟಿಕೆಟ್ ತೆಗೆದು, ನೇರ ಗುಮ್ಮಟದ ಮೆಟ್ಟಿಲಿಗೆ. ಏದುಸಿರು ಬಿಡುತ್ತಾ ಮೇಲೆ ಹತ್ತಿ, ತಮ್ಮ ಹೆಸರು ತಾವೇ ಕೂಗಿ, ಅದು ತಿರುತಿರುಗಿ ಬರೋದನ್ನು ಕೇಳಿ, ಸೆಲ್ಫಿ ತೆಗೆದು, ಇಳಿದು, ಹೊರಗೆ ಕಬ್ಬಿನ ಹಾಲು ಕುಡಿದು ಬಸ್ ಹತ್ತೋದು. ದಾರಿಯಲ್ಲಿ ಒಂದು ದೊಡ್ಡ ಕಲ್ಲಿನ ಕಟ್ಟಡ ಅಡ್ಡ ಸಿಗುತ್ತೆ. ಅದರ ಮುಂದೆ ಫಿರಂಗಿ ತೋಪುಗಳಿವೆ. ತೋಪಿನ ಹತ್ತಿರ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯೋರು ಬೇಕಾದಷ್ಟು, ಒಳಗೆ ಕಾಲಿಡೋರು ಕಡಿಮೆ. ಈ ರಿವ್ಯೂ ಆ ಕಟ್ಟಡದ್ದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಮ್ಮೂರಲ್ಲಿ ಮೊದಲು ನೋಡಬೇಕಾದ್ದು ಇದೇ, ಗುಮ್ಮಟ ಆಮೇಲೆ. ಯಾಕೆ ಅಂದರೆ ಇಲ್ಲಿಯ ಅರಮನೆಗಳೆಲ್ಲ ಈಗ ಬರೀ ಗೋಡೆ, ಬರೀ ಕಮಾನು. ಆ ಗೋಡೆಗಳ ನಡುವೆ ಏನಿತ್ತು, ನೆಲದ ಮೇಲೆ ಏನು ಹಾಸಿದ್ದರು, ಕೈಯಲ್ಲಿ ಏನು ಹಿಡಿದಿದ್ದರು ಅನ್ನೋದಕ್ಕೆ ಊರಲ್ಲಿ ಉಳಿದ ಉತ್ತರ ಈ ಮ್ಯೂಸಿಯಮ್ಮಿನ ಒಳಗಿದೆ. ಟಿಕೆಟ್ಟು ಒಂದು ಕಪ್ ಚಹಾದ ದುಡ್ಡಿಗಿಂತ ಜಾಸ್ತಿ ಇಲ್ಲ.

ಕಟ್ಟಡದ ಹೆಸರು ನಗಾರಖಾನೆ. ಗುಮ್ಮಟದ ಆವರಣಕ್ಕೆ ಇದೇ ಹೆಬ್ಬಾಗಿಲು. ಮೇಲೆ ನಗಾರಿ, ವಾದ್ಯ ಬಾರಿಸೋರು ಕೂರಬೇಕು, ಕೆಳಗಿನಿಂದ ಜನ ಹಾಯ್ದು ಹೋಗಬೇಕು, ಲೆಕ್ಕ ಅಷ್ಟೇ. 17ನೇ ಶತಮಾನದ್ದು. ಗೋಡೆ ಎಷ್ಟು ದಪ್ಪ ಅಂದರೆ ಏಪ್ರಿಲ್ ಮಧ್ಯಾಹ್ನ ಹೊರಗೆ ಕಲ್ಲು ಕಾದು ಕಾಲು ಸುಡುತ್ತಿರುವಾಗ ಒಳಗೆ ಹೋದರೆ ಜೀವ ಬಂದಂಗಾಗುತ್ತೆ. ಬಿಸಿಲಿಗೆ ಹೆದರಿ ಒಳಗೆ ಬಂದವರೂ ಇರುತ್ತಾರೆ, ಬರಲಿ ಬಿಡಿ, ಬಂದ ಮೇಲೆ ಏನಾದರೂ ಕಣ್ಣಿಗೆ ಬೀಳುತ್ತೆ.

ಇದು ಮ್ಯೂಸಿಯಂ ಆಗಿದ್ದು 1892ರಲ್ಲಿ. ಅದಕ್ಕೂ ಒಂದು ಹಿನ್ನೆಲೆ ಇದೆ. 1686ರಲ್ಲಿ ಔರಂಗಜೇಬ ಊರನ್ನು ಗೆದ್ದ ಮೇಲೆ ವಿಜಯಪುರ ರಾಜಧಾನಿಯಾಗಿ ಉಳಿಯಲಿಲ್ಲ. ಮಂದಿ ಖಾಲಿಯಾದರು, ಅರಮನೆಗಳ ಮರದ ಕೆಲಸ ಕಿತ್ತು ಹೋಯಿತು. ಬ್ರಿಟಿಷರ ಕಾಲಕ್ಕೆ ಜಿಲ್ಲಾ ಕಚೇರಿ ಇದ್ದದ್ದು ಕಲಾದಗಿಯಲ್ಲಿ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಊರು. 1884ರ ಹೊತ್ತಿಗೆ ಇಲ್ಲಿಗೆ ರೈಲು ಬಂತು, 1885ರಲ್ಲಿ ಜಿಲ್ಲಾ ಕಚೇರಿಯೂ ಇಲ್ಲಿಗೇ ಬಂತು. ಸಾಹೇಬರಿಗೆ ಕೂರೋಕೆ ಜಾಗ ಬೇಕಲ್ವಾ? ಹಿಂದೆ ಇಲ್ಲಿ ಆಳಿದ ಆದಿಲ್‌ಶಾಹಿ ಸುಲ್ತಾನರ ಕಟ್ಟಡಗಳನ್ನೇ ರಿಪೇರಿ ಮಾಡಿಸಿ ಕಚೇರಿ, ಬಂಗಲೆ ಮಾಡಿಕೊಂಡರು. ಅದೇ ಕಾಲದಲ್ಲಿ ಹೆನ್ರಿ ಕಸೆನ್ಸ್ ಎಂಬ ಪುರಾತತ್ವ ಅಧಿಕಾರಿ ಊರಿನ ಹಳೇ ಕಟ್ಟಡಗಳನ್ನೆಲ್ಲ ಅಳೆದು ನಕ್ಷೆ ಮಾಡಿದ. ನಗಾರಖಾನೆ ಜಿಲ್ಲಾ ವಸ್ತು ಸಂಗ್ರಹಾಲಯ ಆಯಿತು. 1982ರಿಂದ ಇದು ಭಾರತೀಯ ಪುರಾತತ್ವ ಇಲಾಖೆಯ ಕೈಯಲ್ಲಿದೆ.

ಕೆಳಗೆ ಕಲ್ಲುಗಳು, ಮೇಲೆ ಬಟ್ಟೆ, ಕಾಗದ, ಕತ್ತಿ. ಸುಮ್ನೆ ನಡೆದು ಹೋದರೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ. ಹಾಗೆ ಮಾಡಬೇಡಿ.

ಕೆಳಗಿನ ಕಲ್ಲುಗಳು ಸುಲ್ತಾನರಿಗಿಂತ ಎಷ್ಟೋ ಹಳೆಯವು. ಸಂಗ್ರಹ 6ನೇ ಶತಮಾನದಿಂದ ಶುರುವಾಗುತ್ತೆ. ಚಾಲುಕ್ಯರ ನೆಲ ಇದು ಅನ್ನೋದನ್ನು ಗುಮ್ಮಟದ ನೆರಳಲ್ಲಿ ನಾವು ಮರೆತೇಬಿಡ್ತೀವಿ. ಶೈವ, ವೈಷ್ಣವ, ಜೈನ ಮೂರ್ತಿಗಳು, ವೀರಗಲ್ಲುಗಳು ಎಲ್ಲ ಇವೆ. ವೀರಗಲ್ಲನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರೋದು, ತುದಿಯಲ್ಲಿ ಸೂರ್ಯ ಚಂದ್ರ. ಕಡೆಯ ಎರಡು ಯಾಕೆ ಅಂದರೆ, ಅವು ಇರುವ ತನಕ ಇವನ ಹೆಸರೂ ಇರಲಿ ಅಂತ. ಇಷ್ಟು ಗೊತ್ತಿದ್ದರೆ ಮಕ್ಕಳಿಗೆ ನೀವೇ ಕಥೆ ಹೇಳಬಹುದು, ಗೈಡ್ ಬೇಡ.

ನಾನು ಜಾಸ್ತಿ ಹೊತ್ತು ನಿಲ್ಲೋದು ಶಾಸನಗಳ ಹತ್ತಿರ. ಕನ್ನಡ, ಸಂಸ್ಕೃತ, ಅರಬ್ಬಿ, ಪಾರ್ಸಿ, ನಾಲ್ಕೂ ಒಂದೇ ಸೂರಿನ ಕೆಳಗೆ. ಓದೋಕೆ ಬರದಿದ್ದರೂ ಪರವಾಗಿಲ್ಲ, ಹತ್ತಿರ ಹೋಗಿ ಓರೆಯಾಗಿ ನಿಂತು ಬೆಳಕು ಬೀಳುವ ಕಡೆಯಿಂದ ನೋಡಿ. ಕನ್ನಡದ ಅಕ್ಷರ ಕಲ್ಲಿನ ಒಳಕ್ಕೆ ಕೊರೆದದ್ದು. ಉಳಿ ಹೋದ ದಾರಿಯೇ ಅಕ್ಷರ. ಆದಿಲ್‌ಶಾಹಿ ಕಾಲದ ಪಾರ್ಸಿ ಬರಹ ಉಲ್ಟಾ. ಅಕ್ಷರವನ್ನು ಹಾಗೇ ಬಿಟ್ಟು ಸುತ್ತಲಿನ ಕಲ್ಲನ್ನು ಕೆತ್ತಿ ತೆಗೆದಿದ್ದಾರೆ, ಅಕ್ಷರ ಉಬ್ಬಿ ನಿಂತಿದೆ. ಹಾಗಾಗಿ ಒಂದರಲ್ಲಿ ನೆರಳು ಅಕ್ಷರದ ಒಳಗೆ ಬೀಳುತ್ತೆ, ಇನ್ನೊಂದರಲ್ಲಿ ಅಕ್ಷರದ ಹೊರಗೆ. ಇದೇ ಸೀಮೆಯ ಕಲ್ಲುಕುಟಿಗರು ಎರಡನ್ನೂ ಕಲಿತಿರಬೇಕು ಅಂತ ನನ್ನ ಊಹೆ. ಪಾರ್ಸಿಯ ಒಂದು ಸಾಲು ಬಿಡಿಸೋಕೆ ಎಷ್ಟು ಕಲ್ಲು ಕೆತ್ತಿ ಬಿಸಾಕಬೇಕು ಯೋಚಿಸಿ. ದಾನಕೊಟ್ಟ ಹೊಲದ ಎಲ್ಲೆ ಬರೆಯೋಕೆ ನಮ್ಮವರು ಆ ಖರ್ಚಿಗೆ ಹೋಗಲಿಲ್ಲ, ಪಟಪಟ ಕೊರೆದು ಮುಗಿಸಿದರು.

ಮೇಲೆ ಹೋದರೆ ಆಯುಧಗಳ ಮುಂದೆ ಹುಡುಗರ ಗುಂಪು ಇದ್ದೇ ಇರುತ್ತೆ. ಚೀನಾದ ಪಿಂಗಾಣಿ, ಹಸ್ತಪ್ರತಿಗಳು, ಸಣ್ಣ ಚಿತ್ರಗಳೂ ಇವೆ. ಆದರೆ ನೀವು ನೋಡಬೇಕಾದ್ದು ರತ್ನಗಂಬಳಿಗಳನ್ನು. ಇವು ಆಸಾರ್ ಮಹಲಿನಿಂದ ಬಂದವು. ಆಸಾರ್ ಮಹಲ್ ಕಟ್ಟಿದ್ದು ಸುಮಾರು 1646ರಲ್ಲಿ, ಮೊಹಮ್ಮದ್ ಆದಿಲ್ ಶಾಹ. ಮೊದಲು ನ್ಯಾಯ ತೀರ್ಮಾನದ ಕಟ್ಟಡ, ಆಮೇಲೆ ಪೈಗಂಬರರ ಕೂದಲನ್ನು ಇಟ್ಟ ಪವಿತ್ರ ಜಾಗ. ಪವಿತ್ರ ಅಂತ ಜನ ಕೈ ಹಾಕಲಿಲ್ಲ, ಅದಕ್ಕೇ ಅಲ್ಲಿಯ ಸಾಮಾನು ಅಷ್ಟಾದರೂ ಉಳಿಯಿತು. ಬಾಕಿ ಅರಮನೆಗಳಿಗೆ ಆ ಪುಣ್ಯ ಇರಲಿಲ್ಲ. ಗಂಬಳಿಗಳ ಬಣ್ಣ ಮಾಸಿದೆ, ಆದರೂ ಹೂವು, ಬಳ್ಳಿ, ಅಂಚಿನ ಪಟ್ಟಿ ಗೊತ್ತಾಗುತ್ತೆ. ಸವೆದ ಜಾಗದಲ್ಲಿ ಕೆಳಗಿನ ದಾರ ಕಾಣುತ್ತೆ. ಆ ದಾರಕ್ಕೆ ಒಂದೊಂದೇ ಗಂಟು ಹಾಕಿ ಹೂವು ಮಾಡಿದ್ದು. ಗೈಡುಗಳು ಹೇಳುವ ಹತ್ತು ದಂತಕಥೆಗಿಂತ ಈ ಸವೆತ ನನಗೆ ಜಾಸ್ತಿ ಹೇಳುತ್ತೆ.

ಈಗ ಒಂದು ಅಡ್ಡ ಮಾತು. ಯುರೋಪ್ ಟೂರ್ ಮಾಡಿ ಬಂದವರು ಅಲ್ಲಿಯ ಅರಮನೆ ಮ್ಯೂಸಿಯಂಗಳ ಫೋಟೊ ತೋರಿಸಿ ಹೊಗಳ್ತಾರೆ. ಹೊಗಳಲಿ, ತಪ್ಪಿಲ್ಲ. ಆಸ್ಟ್ರಿಯಾ ದೇಶದ ವಿಯೆನ್ನಾದ ಬೆಲ್ವೆಡೇರ್ ತಗೊಳ್ಳಿ. ತುರ್ಕರ ವಿರುದ್ಧ ಗೆದ್ದ ಸವಾಯ್‌ನ ಯೂಜೀನ್ ಎಂಬ ಸೇನಾಪತಿಗಾಗಿ ಹಿಲ್ಡೆಬ್ರಾಂಟ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಬರೋಕ್ ಅರಮನೆ. ಕೆಳಗಿನ ಅರಮನೆ 1716ಕ್ಕೆ, ಮೇಲಿನದು 1723ಕ್ಕೆ ಮುಗಿಯಿತು. ಬರೋಕ್ ಅಂದರೆ ಬಂದವನ ಬಾಯಿ ಕಟ್ಟಬೇಕು ಅಂತಲೇ ಕಟ್ಟಿದ್ದು: ದೊಡ್ಡ ಮೆಟ್ಟಿಲು, ಚಿನ್ನದ ಲೇಪ, ಆಕಾಶವೇ ತೆರೆದ ಹಾಗೆ ಬಣ್ಣ ಬಳಿದ ಚಾವಣಿ. ಯೂಜೀನ್ ಮದುವೆ ಆಗಲಿಲ್ಲ, ಉಯಿಲನ್ನೂ ಬರೆಯಲಿಲ್ಲ, 1736ರಲ್ಲಿ ತೀರಿಕೊಂಡ. ಆಸ್ತಿ ಬಂದದ್ದು ಒಬ್ಬಳೇ ವಾರಸುದಾರಳಾದ ಅಣ್ಣನ ಮಗಳಿಗೆ, ಅವಳು ಒಂದೊಂದಾಗಿ ಮಾರಿದಳು. 1752ರಲ್ಲಿ ರಾಣಿ ಮರಿಯಾ ಥೆರೆಸಾ ಅರಮನೆ ಕೊಂಡಳು. 1770ರ ದಶಕದಲ್ಲಿ ರಾಜಮನೆತನದ ಚಿತ್ರಗಳನ್ನು ಅಲ್ಲಿಗೆ ತಂದರು, 1781ರಲ್ಲಿ ಸಾಮಾನ್ಯ ಜನರಿಗೆ ಬಾಗಿಲು ತೆರೆದರು. ಆ ಚಿತ್ರಗಳು ಹೊಸ ಕಟ್ಟಡಕ್ಕೆ ಹೋದದ್ದು 1891ರಲ್ಲಿ, ಅಂದರೆ ನಮ್ಮ ನಗಾರಖಾನೆ ಮ್ಯೂಸಿಯಂ ಆಗುವ ಹಿಂದಿನ ವರ್ಷ! ಆಮೇಲೆ ಬೆಲ್ವೆಡೇರಿಗೆ ಬೇರೆ ಚಿತ್ರಗಳು ಬಂದವು. ಕ್ಲಿಮ್ಟ್ ಎಂಬ ಚಿತ್ರಕಾರನ ಪ್ರಸಿದ್ಧ ಚುಂಬನದ ಚಿತ್ರ ಈಗ ಅಲ್ಲೇ ಇದೆ.

ಅವರದು ಭಾಳ ಹಳೆಯದು, ನಮ್ಮದು ಇತ್ತೀಚಿನದು ಅಂತೇನೂ ಇಲ್ಲ. ಗೋಳಗುಮ್ಮಟ ಮುಗಿದದ್ದು 1656ರಲ್ಲಿ. ರೋಮಿನಲ್ಲಿ ಬರ್ನಿನಿ ಸಂತ ಪೀಟರರ ಚರ್ಚಿನ ಮುಂದೆ ಕಂಬಗಳ ಸಾಲು ಶುರು ಮಾಡಿದ್ದೂ ಅದೇ ವರ್ಷ. ಬೆಲ್ವೆಡೇರಿನ ಅಡಿಪಾಯ ಬೀಳುವ ಹೊತ್ತಿಗೆ ನಮ್ಮ ಸುಲ್ತಾನರ ಕಥೆಯೇ ಮುಗಿದಿತ್ತು. ವ್ಯತ್ಯಾಸ ಬೇರೆ ಕಡೆ ಇದೆ. ಅಲ್ಲಿ ಅರಮನೆಯೂ ಚಿತ್ರವೂ ಒಂದೇ ಕಡೆ ಸಿಗುತ್ತವೆ. ಇಲ್ಲಿ ಅರಮನೆ ಒಂದು ಕಡೆ, ಸಾಮಾನು ಇನ್ನೊಂದು ಕಡೆ, ಚಿತ್ರಗಳಂತೂ ಸಮುದ್ರದ ಆಚೆ.

ಇದು ಬರೀ ಮಾತಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾಹ, 1580ರಿಂದ 1627ರ ತನಕ ಆಳಿದವನು, ಸಂಗೀತದ ಹುಚ್ಚು ಇದ್ದವನು, ತನ್ನ ತಂಬೂರಿಗೂ ಮೋತಿ ಖಾನ್ ಅಂತ ಹೆಸರಿಟ್ಟವನು. ಅವನು ತಂಬೂರಿ ನುಡಿಸುತ್ತಾ ಕೂತ ಚಿತ್ರವನ್ನು ಫರ್ರೂಖ್ ಬೇಗ್ ಬರೆದಿದ್ದಾನೆ. ಅದು ಇರೋದು ಪ್ರಾಗ್ ನಗರದಲ್ಲಿ. ಮೈನಾ ಹಕ್ಕಿ ಹಿಡಿದ ಯೋಗಿನಿಯ ಚಿತ್ರ ಡಬ್ಲಿನ್‌ನಲ್ಲಿ. ಆದಿಲ್‌ಶಾಹಿ ದೊರೆಗಳೆಲ್ಲ ಒಟ್ಟಿಗೆ ಕೂತ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ. ಆಸಾರ್ ಮಹಲಿನ ಹಸ್ತಪ್ರತಿಗಳನ್ನು 19ನೇ ಶತಮಾನದಲ್ಲಿ ಲಂಡನ್ನಿಗೆ ಸಾಗಿಸಿದರು. ಇನ್ನೊಂದು ತಮಾಷೆ ಕೇಳಿ. ಕೊರ್ನೆಲಿಸ್ ಹೆಡಾ ಅಂತ ಡಚ್ ಚಿತ್ರಕಾರ, ಪ್ರಾಗ್‌ನಲ್ಲಿ ರುಡಾಲ್ಫ್ ಚಕ್ರವರ್ತಿಯ ಹತ್ತಿರ ಕೆಲಸ ಮಾಡಿದವನು, ಕೊನೆಗೆ ಬಂದು ಸೇರಿದ್ದು ಇದೇ ಇಬ್ರಾಹಿಮನ ದರ್ಬಾರಿಗೆ. ಚಿತ್ರಕಾರ ಪ್ರಾಗ್‌ನಿಂದ ವಿಜಯಪುರಕ್ಕೆ ಬಂದ, ವಿಜಯಪುರದ ರಾಜನ ಚಿತ್ರ ಪ್ರಾಗ್‌ಗೆ ಹೋಯಿತು. ಲೆಕ್ಕ ಸರಿಹೋಯಿತು ಅನ್ನೋಕಾಗಲ್ಲ, ನಮಗೆ ನಷ್ಟವೇ.

ಅದಕ್ಕೇ ನನಗೊಂದು ಆಸೆ. ಹೊರದೇಶದಲ್ಲಿರುವ ನಮ್ಮೂರ ಚಿತ್ರಗಳ ದೊಡ್ಡ ದೊಡ್ಡ ಪ್ರತಿಗಳಿಗೆ ಅಂತಲೇ ಇಲ್ಲಿ ಒಂದು ಪೂರಾ ಕೋಣೆ ಆಗಬೇಕು. ಮೂಲ ಚಿತ್ರ ವಾಪಸ್ ತರೋದು ದೊಡ್ಡವರ ಕೆಲಸ. ಪ್ರತಿ ಹಾಕೋಕೆ ಏನೂ ಅಡ್ಡಿ ಇರಬಾರದು. ಶಾಲೆಯ ಮಕ್ಕಳು ಗುಮ್ಮಟದ ಸಮಾಧಿಯಲ್ಲಿ ಮಲಗಿದ ಮೊಹಮ್ಮದ್ ಆದಿಲ್ ಶಾಹನ ಅಪ್ಪ ಇಬ್ರಾಹಿಂ ತಂಬೂರಿ ನುಡಿಸೋದನ್ನು ನೋಡಲಿ.

ಗೈಡುಗಳ ವಿಷಯಕ್ಕೆ ಬರ್ತೀನಿ. ಒಮ್ಮೆ ನೆಂಟರ ಜೊತೆ ಬಂದಾಗ ಗೇಟಿನ ಹೊರಗೆ ಸಿಕ್ಕ ಒಬ್ಬರನ್ನು ಮಾತಾಡಿಸಿ ಕರೆದುಕೊಂಡೆವು. ಪುಣ್ಯಾತ್ಮ ಮ್ಯೂಸಿಯಂ ಕಡೆ ಕೈ ಬೀಸಿ "ಒಳಗ ಏನಿಲ್ರಿ, ಬರೀ ಕಲ್ಲು" ಅಂದ. ದುಡ್ಡು ಕೊಟ್ಟು ಇದನ್ನು ಕೇಳಬೇಕಾ? ಎಲ್ಲರೂ ಹಾಗಿಲ್ಲ, ವಯಸ್ಸಾದ ಕೆಲವರು ಚೆನ್ನಾಗಿ ಹೇಳ್ತಾರೆ. ಆದರೆ ಮೊದಲೇ ಕೇಳಿಕೊಳ್ಳಿ, ಮ್ಯೂಸಿಯಂ ಒಳಗೂ ಬರ್ತೀರಾ ಅಂತ. ಇಲ್ಲ ಅಂದರೆ ಮುಂದೆ ನಡೀರಿ.

ಮ್ಯೂಸಿಯಂ ನೋಡಿ ಗುಮ್ಮಟಕ್ಕೆ ಹೋದರೆ ಅದೂ ಬೇರೆ ಥರ ಕಾಣುತ್ತೆ. ಹೊರಗಿನ ಅಳತೆ ಸುಮಾರು 44 ಮೀಟರ್ ಅಡ್ಡಗಲ, ನಡುವೆ ಒಂದೇ ಒಂದು ಕಂಬ ಇಲ್ಲ. ಒಳಗೆ ನಿಂತು ತಲೆ ಎತ್ತಿದರೆ ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಚೌಕಕೋಣೆಯನ್ನು ಎಂಟು ಮೂಲೆಗೆ ತಿರುಗಿಸುತ್ತವೆ, ಅದರ ಮೇಲೆ ಗುಮ್ಮಟ ಕೂತಿದೆ. ಕೂಗೋರು ಕೂಗಲಿ, ನೀವು ಕಮಾನು ನೋಡಿ.

ಟೈಮ್ ಇದ್ದರೆ ಅಲ್ಲಿಂದ ಆಸಾರ್ ಮಹಲ್, ಆಮೇಲೆ ಗಗನ ಮಹಲ್. ಆಟೊದವರಿಗೆ ಎರಡೂ ಗೊತ್ತು, ದರ ಮೊದಲೇ ಮಾತಾಡಿ. ಆಸಾರ್ ಮಹಲಿನ ಮುಂದಿನ ಹೊಂಡ, ಎತ್ತರದ ಮರದ ಕಂಬಗಳನ್ನು ನೋಡುವಾಗ ಮ್ಯೂಸಿಯಮ್ಮಿನ ಗಂಬಳಿಗಳು ಯಾವ ಮನೆಯವು ಅಂತ ಗೊತ್ತಾಗುತ್ತೆ. ಗಗನ ಮಹಲ್ ಒಂದನೇ ಅಲಿ ಆದಿಲ್ ಶಾಹ ಸುಮಾರು 1561ರಲ್ಲಿ ಕಟ್ಟಿಸಿದ ದರ್ಬಾರು. ಈಗ ಮೇಲೆ ಚಾವಣಿ ಇಲ್ಲ, ಮೂರು ಕಮಾನು ಇವೆ, ಸಂಜೆ ಹುಡುಗರು ಮುಂದಿನ ಬಯಲಲ್ಲಿ ಆಡ್ತಿರುತ್ತಾರೆ. ಕೊನೆಯ ಸುಲ್ತಾನ ಸಿಕಂದರ್ ಔರಂಗಜೇಬನಿಗೆ ತಲೆಬಾಗಿದ್ದು ಇಲ್ಲೇ ಅಂತಾರೆ.

ಮ್ಯೂಸಿಯಂ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ, ಶುಕ್ರವಾರ ರಜೆ. ಗುಮ್ಮಟ ಅದಕ್ಕಿಂತ ಮೊದಲೇ ತೆರೆಯುತ್ತೆ, ಹಾಗಾಗಿ ಬೇಗ ಬಂದವರು ಹತ್ತು ಗಂಟೆ ಆಗೋ ಮೊದಲೇ ಎಲ್ಲ ಮುಗಿಸಿ ಹೊರಟುಬಿಡ್ತಾರೆ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ, ಆಗ ಮಧ್ಯಾಹ್ನ ಊಟದ ಹೊತ್ತಿಗೆ ಒಳಗೆ ಹೋಗಿ, ಸ್ವಲ್ಪ ಖಾಲಿ ಇರುತ್ತೆ. ನಿಮ್ಮ ಊಟ ಮಾತ್ರ ಆಮೇಲೆ. ಸ್ಟೇಷನ್ ರಸ್ತೆ ಕಡೆ ಖಾನಾವಳಿಗಳಿವೆ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುತ್ತೆ, ಎರಡೂವರೆ ಆದಮೇಲೆ ಹೋದರೆ ರೊಟ್ಟಿ ಮುಗಿದು ಬರೀ ಚಪಾತಿ ಉಳಿದಿರುತ್ತೆ.