ಬ್ಯಾರಿಕೇಡಾ, ಪಿಟ್ಟಾ, ಮಿಕ್ಸರ್ ಹಿಂದೆನಾ? ಶಿವಮೊಗ್ಗದಿಂದ ರಾಕ್ ಶೋಗೆ ಹೋಗೋರು ಎಲ್ಲಿ ನಿಲ್ಬೇಕು

ನಮ್ಮೂರಲ್ಲಿ ರಾಕ್ ಕೇಳೋ ಹುಡುಗ್ರಿಗೆ ಯಾವತ್ತೂ ಬರ ಇಲ್ಲ, ಬರ ಇರೋದು ಶೋಗಳಿಗೆ. ಹಂಗಾಗಿ ದೊಡ್ಡ ಬ್ಯಾಂಡ್ ಯಾವ್ದಾದ್ರೂ ಬೆಂಗಳೂರಿಗೆ ಬರುತ್ತೆ ಅಂತ ಗೊತ್ತಾದ ತಕ್ಷಣ ಇಲ್ಲಿಂದ ಹತ್ತತ್ರ 300 ಕಿಲೋಮೀಟರ್ ಹೋಗಿ, ಗಂಟಲು ಹರಿಯೋ ಹಂಗೆ ಕೂಗಿ, ರಾತ್ರೋರಾತ್ರಿ ವಾಪಸ್ ಹೊರಟು ಬೆಳಿಗ್ಗೆ ಆಫೀಸಲ್ಲಿ ತೂಕಡಿಸೋದೇ ನಮ್ಮ ಪದ್ಧತಿ. ಟಿಕೆಟ್ ತಗೊಂಡ ಹುಡುಗ್ರೆಲ್ಲ ಕೇಳೋದು ಒಂದೇ ಪ್ರಶ್ನೆ, ಅಣ್ಣಾ ಬ್ಯಾರಿಕೇಡ್ ಸಿಗ್ಬೇಕಂದ್ರೆ ಎಷ್ಟೊತ್ತಿಗೆ ಹೋಗ್ಬೇಕು ಅಂತ. ಬ್ಯಾರಿಕೇಡ್ ಅಂದ್ರೆ ಸ್ಟೇಜ್ ಮುಂದೆ ಜನರನ್ನ ತಡೆಯೋಕೆ ಹಾಕಿರೋ ಬೇಲಿ, ಅದಕ್ಕೆ ಅಂಟಿಕೊಂಡಿರೋ ಮೊದಲ್ನೇ ಸಾಲು. ಅದು ಯಾಕೆ ಬೇಕು ಅಂತ ಒಬ್ನೂ ಯೋಚ್ನೆ ಮಾಡಲ್ಲ. ನಾನು ಮುಂದೆನೂ ನಿಂತಿದೀನಿ, ಮಧ್ಯ ಒಬ್ರಿಗೊಬ್ರು ಡಿಕ್ಕಿ ಹೊಡ್ಕೊಂಡು ಕುಣಿಯೋರ ಜೊತೆ ಪಿಟ್ಟಲ್ಲೂ ಇದ್ದೆ, ಹಿಂದೆ ಸೌಂಡ್ ಮಿಕ್ಸರ್ ಹತ್ರನೂ ನಿಂತಿದೀನಿ, ನನ್ನ ವೋಟು ಮಿಕ್ಸರ್ ಹಿಂದಕ್ಕೇ, ಆದ್ರೆ ಅದು ಬೆಂಗಳೂರಿಗೆ ಮಾತ್ರ. ಶಿವಮೊಗ್ಗದ ಮೈದಾನದಲ್ಲಿ ಆ ಲೆಕ್ಕ ನಡಿಯಲ್ಲ, ಅದನ್ನ ಆಮೇಲೆ ಹೇಳ್ತೀನಿ.

ಮೊದ್ಲು ಬ್ಯಾರಿಕೇಡ್. ಇದ್ರ ಮಜಾ ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ಮೆಟಾಲಿಕಾ ಬ್ಯಾಂಡ್ ಬಂದಾಗ ನಾನು ಮುಂದಿನ ಸಾಲುಗಳಲ್ಲೇ ಇದ್ದೆ, ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ಆಗ್ಬೇಕಿದ್ದ ಶೋ ಗಲಾಟೆ ಆಗಿ ರದ್ದಾಗಿತ್ತಲ್ಲ, ಇಲ್ಲೂ ಹಂಗೇ ಆದ್ರೆ ಏನ್ ಕತೆ ಅಂತ ಎಲ್ರಿಗೂ ಪುಕಪುಕ. ಮೆಟಾಲಿಕಾದವ್ರು 1983ರಿಂದ ಶೋ ಶುರು ಮಾಡೋದೇ ಇಟಲಿಯ ಸಂಗೀತ ನಿರ್ದೇಶಕ ಎನಿಯೊ ಮೊರಿಕೋನೆಯ ಒಂದು ಹಳೇ ಸಿನಿಮಾ ಟ್ಯೂನ್ ಹಾಕಿ, ಲೈಟ್ ಆಫ್ ಆಗಿ ಆ ಟ್ಯೂನ್ ಶುರುವಾಯ್ತು ನೋಡಿ, ಹಿಂದಿಂದ ಒಂದು ಒತ್ತಡ ಬಂತು, ನನ್ನ ಕಾಲು ನೆಲದ ಮೇಲಿದೆಯೋ ಪಕ್ಕದವನ ಶೂ ಮೇಲಿದೆಯೋ ಗೊತ್ತಾಗ್ಲಿಲ್ಲ. ಮುಂದೆ ನಿಂತ್ರೆ ಸಿಗೋದು ಕಣ್ಣಿಗೆ ಹಬ್ಬ. ಗಿಟಾರಿಸ್ಟ್ ಬೆರಳು ಕಾಣುತ್ತೆ, ಡ್ರಮ್ಮರ್ ಸ್ಟಿಕ್ಕಿಂದ ಮರದ ಸಿಬರು ಹಾರೋದು ಕಾಣುತ್ತೆ, ಸ್ಟೇಜ್ ನೆಲಕ್ಕೆ ಟೇಪ್ ಹಾಕಿ ಅಂಟಿಸಿರೋ ಹಾಡಿನ ಪಟ್ಟಿ ಕಾಣುತ್ತೆ, ಹಾಡಿನ ಮಧ್ಯದಲ್ಲಿ ತಂತಿ ಕಿತ್ತೋದ್ರೆ ಕತ್ಲಲ್ಲಿ ಒಬ್ಬ ಬಗ್ಗಿಕೊಂಡು ಓಡಿಬಂದು ಬೇರೆ ಗಿಟಾರ್ ಕೊಟ್ಟು ಮಾಯ ಆಗೋದೂ ಕಾಣುತ್ತೆ. ಇದ್ಯಾವ್ದೂ ಸ್ಕ್ರೀನಲ್ಲಿ ಸಿಗಲ್ಲ.

ಆದ್ರೆ ಕಿವಿಗೆ? ಕಿವಿಗೆ ಉಪವಾಸ. ಮೇನ್ ಸ್ಪೀಕರ್‌ಗಳನ್ನ ಸ್ಟೇಜಿನ ಎಡಕ್ಕೂ ಬಲಕ್ಕೂ ಎತ್ತರದಲ್ಲಿ ಬಾಳೆಗೊನೆ ಥರ ಸಾಲಾಗಿ ನೇತಾಕಿರ್ತಾರಲ್ಲ, ಅವು ಜಾಸ್ತಿ ಸೌಂಡ್ ಎಸೆಯೋದು ದೂರ ಇರೋರ ಕಡೆ, ಬ್ಯಾರಿಕೇಡ್ ಮಧ್ಯ ನಿಂತವನ ತಲೆ ಮೇಲೆ ಪಕ್ಕದಲ್ಲಿ ಎಲ್ಲ ಹಾದು ಹೋಗ್ಬಿಡುತ್ತೆ. ನಿಮಗೆ ಕೇಳೋದು ಸ್ಟೇಜ್ ಮೇಲಿನ ಡ್ರಮ್ಮು, ಎದುರಿಗಿರೋ ಗಿಟಾರ್ ಆಂಪು, ಅಂದ್ರೆ ಗಿಟಾರ್ ಸೌಂಡ್ ಜೋರು ಮಾಡೋ ಪೆಟ್ಟಿಗೆ, ಆಮೇಲೆ ಕಾಲಡಿ ಇಟ್ಟಿರೋ ದಪ್ಪ ದನಿಯ ಸ್ಪೀಕರ್, ಸಬ್‌ವೂಫರ್, ಎದೆಗೆ ಕೊಡೋ ಗುದ್ದು. ಹಾಡುಗಾರನ ದನಿ ಎಲ್ಲೋ ದೂರದಲ್ಲಿ ಜಗಳ ಆಡ್ದಂಗೆ. ಇದಕ್ಕೇ ಅಂತ ಸ್ಟೇಜಿನ ಅಂಚಲ್ಲಿ ಚಿಕ್ಕ ಸ್ಪೀಕರ್ ಇಟ್ಟಿರ್ತಾರೆ, ಫ್ರಂಟ್ ಫಿಲ್ ಅಂತಾರೆ ಅದಕ್ಕೆ, ಅದಿದ್ರೆ ಪರ್ವಾಗಿಲ್ಲ, ಇಲ್ದಿದ್ರೆ ನಿಮಗೆ ಗೊತ್ತಿರೋ ಹಾಡೂ ಎಲ್ಲಿ ಶುರುವಾಯ್ತು ಎಲ್ಲಿಗೆ ಬಂತು ಅಂತ ಪಕ್ಕದವನ್ನ ಕೇಳ್ಬೇಕು. ಅದೂ ಅಲ್ದೆ ಗೇಟ್ ತೆಗೆಯೋದು ಮಧ್ಯಾಹ್ನ, ಮೇನ್ ಬ್ಯಾಂಡ್ ಬರೋದು ರಾತ್ರಿ, ಅಲ್ಲಿವರೆಗೂ ಬಿಸಿಲಲ್ಲಿ ಜಾಗ ಕಾಯ್ಬೇಕು, ನೀರು ಕುಡುದ್ರೆ ಬಾತ್‌ರೂಮಿಗೆ ಹೋಗ್ಬೇಕು, ಹೋದ್ರೆ ಜಾಗ ಹೋಯ್ತು, ಕುಡೀದೆ ಇದ್ರೆ ಮೂರನೇ ಹಾಡಿಗೆ ತಲೆ ತಿರುಗುತ್ತೆ. ಒತ್ತಡ ತಡ್ಕೊಳಕ್ಕಾಗದೆ ಇದ್ರೆ ಹಿಂದಕ್ಕೆ ನುಗ್ಗಕ್ಕೆ ಹೋಗ್ಬೇಡಿ, ಕೈ ಎತ್ತಿ ಮುಂದಿನ ಸೆಕ್ಯುರಿಟಿಗೆ ತೋರ್ಸಿ, ಅವ್ರು ಬ್ಯಾರಿಕೇಡ್ ಮೇಲಿಂದ ಎತ್ತಿ ಆಚೆ ಹಾಕ್ತಾರೆ. ಎರಡೂ ಕೈನ ಎದೆ ಮುಂದೆ ಬಾಕ್ಸರ್ ಥರ ಇಟ್ಕೊಂಡ್ರೆ ಉಸಿರಾಡಕ್ಕೆ ಸ್ವಲ್ಪ ಜಾಗ ಉಳಿಯುತ್ತೆ, ಕೈ ಕೆಳಗೆ ಸಿಕ್ಕಾಕಿಕೊಂಡ್ರೆ ಆಮೇಲೆ ಎತ್ತಕ್ಕೇ ಆಗಲ್ಲ.

ಪಿಟ್ ಬಗ್ಗೆ ಜಾಸ್ತಿ ಹೇಳಕ್ಕೆ ಇಲ್ಲ, ಅದು ಸಂಗೀತ ಕೇಳೋ ಜಾಗನೇ ಅಲ್ಲ. ನೋಡಕ್ಕೆ ಹೊಡೆದಾಟ ಇದ್ದಂಗೆ ಇದ್ರೂ ಒಳಗಡೆ ನಿಯತ್ತು ಇರುತ್ತೆ, ಯಾರಾದ್ರೂ ಬಿದ್ರೆ ಸುತ್ತ ಇರೋರು ನಿಂತು ಎಬ್ಬಿಸ್ತಾರೆ, ಶೂ ಕಳಚಿದ್ರೆ ಮೇಲೆತ್ತಿ ತೋರ್ಸಿ ಯಾರದ್ದು ಅಂತ ಕೂಗ್ತಾರೆ. ಚಪ್ಪಲಿ ಹಾಕ್ಕೊಂಡು ಹೋಗ್ಬೇಡಿ, ಕನ್ನಡಕ ಇರೋರು ಹೋಗ್ಲೇಬೇಡಿ, ಫೋನು ಜಿಪ್ ಇರೋ ಜೇಬಲ್ಲಿ ಇರ್ಲಿ. ಇಪ್ಪತ್ತರ ವಯಸ್ಸಲ್ಲಿ ಒಂದ್ಸಲ ಅನುಭವಿಸ್ಬೇಕಾದ್ದು ಹೌದು, ಈಗ ನನ್ನ ಮಂಡಿ ಬೇಡ ಅನ್ನುತ್ತೆ.

ಇನ್ನು ಮಿಕ್ಸರ್. ಜನರ ಮಧ್ಯದಲ್ಲಿ ಒಂದು ಚಪ್ಪರ ಹಾಕಿ ಸುತ್ತ ಬೇಲಿ ಕಟ್ಟಿರ್ತಾರಲ್ಲ, ಒಳಗೆ ಸೌಂಡ್ ಇಂಜಿನಿಯರ್ ಕೂತಿರ್ತಾನೆ. ಆ ರಾತ್ರಿ ಯಾವ ದನಿ ಎಷ್ಟು ಕೇಳ್ಬೇಕು ಅಂತ ತೀರ್ಮಾನ ಮಾಡೋನು ಅವನೇ, ತೀರ್ಮಾನ ಮಾಡೋದೂ ತಾನು ಕೂತಲ್ಲಿಗೆ ಏನು ಕೇಳುತ್ತೋ ಅದನ್ನ ನೋಡ್ಕೊಂಡು. ಅಂದ್ಮೇಲೆ ಅವನ ಬೆನ್ನ ಹಿಂದೆ ನಿಂತವನಿಗೇ ಸರಿಯಾದ ಊಟ. ಬೇಸ್ ಗಿಟಾರ್ ಬೇರೆ, ಕಾಲಲ್ಲಿ ಬಾರಿಸೋ ಕಿಕ್ ಡ್ರಮ್ ಬೇರೆ ಅಂತ ಬಿಡಿಸಿ ಕೇಳುತ್ತೆ, ಎರಡು ಗಿಟಾರ್ ಇದ್ರೆ ಯಾವ್ದು ಎಡಕ್ಕೆ ಯಾವ್ದು ಬಲಕ್ಕೆ ಅಂತ ಗೊತ್ತಾಗುತ್ತೆ, ಮಾತು ಅರ್ಥ ಆಗುತ್ತೆ. ಬೇಲಿಗೆ ಒರಗಬಹುದು, ಇದು ಸಣ್ಣ ವಿಷ್ಯ ಅಲ್ಲ ಮಾರಾಯ್ರೆ, ಹಿಂದಿನ ರಾತ್ರಿ ಬಸ್ಸಲ್ಲಿ ಅರ್ಧ ನಿದ್ದೆ ಮಾಡಿ ಬಂದ ಬೆನ್ನು ಅದು. ಹಂಗೇ ಒಂದ್ಸಲ ಒರಗಿಕೊಂಡು ಇಂಜಿನಿಯರ್ ಕೈನೇ ನೋಡ್ತಾ ನಿಂತಿದ್ದೆ, ಗಿಟಾರಿಸ್ಟ್ ಒಬ್ನೇ ಮೆರೆಯೋ ಸೋಲೋ ಶುರುವಾಗೋಕೆ ಮುಂಚೆನೇ ಅವನ ಬೆರಳು ಗಿಟಾರ್ ಸೌಂಡ್ ಏರಿಸಿ ಇಳಿಸೋ ಫೇಡರ್ ಮೇಲೆ ಹೋಗಿ ಕೂತಿತ್ತು, ಗಿಟಾರಿಸ್ಟ್ ಮುಂದೆ ಬಂದ ಕೂಡ್ಲೇ ಒಂದು ಕಡ್ಲೆಬೇಳೆಯಷ್ಟು ಮೇಲಕ್ಕೆ ತಳ್ಳಿದ, ಸೋಲೋ ಮುಗೀತು, ಅಷ್ಟೇ ಕೆಳಗೆ ಎಳೆದ. ಇಡೀ ಮೈದಾನ ಗಿಟಾರಿಸ್ಟ್‌ಗೆ ಚಪ್ಪಾಳೆ ಹೊಡೀತಿತ್ತು, ನಾನು ಇವನಿಗೆ ಹೊಡೆದೆ, ಅವ್ನು ತಿರುಗಿನೂ ನೋಡ್ಲಿಲ್ಲ.

ಕೊರತೆನೂ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಅಂದ್ರೆ ಸ್ಟೇಜಿಂದ 34 ಮೀಟರ್ ದೂರ ನಿಂತ್ರೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ, ಡ್ರಮ್ಮರ್ ಕೈ ಇಳಿದು ಆದ್ಮೇಲೆ ಏಟು ಕೇಳುತ್ತೆ. ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತೆ ಬಿಡಿ. ಹೊಂದಿಕೊಳ್ಳಕ್ಕೆ ಆಗದೆ ಇರೋದು ಅಂದ್ರೆ ಅಲ್ಲಿ ನಿಂತು ಮಾತಾಡೋರು. ಸಾವಿರಾರು ರೂಪಾಯಿ ಕೊಟ್ಟು ಒಳಗೆ ಬಂದು ಸೈಟಿನ ರೇಟು, ಆಫೀಸಿನ ಮ್ಯಾನೇಜರ್ ಕತೆ ಎಲ್ಲ ಶುರುಹಚ್ಕೊಳ್ತಾರೆ, ನಿಧಾನದ ಹಾಡು ಬಂದ್ರಂತೂ ಬ್ಯಾಂಡಿಗಿಂತ ಇವ್ರದ್ದೇ ಜೋರು. ಮುಂದಿನ ಸಾಲಲ್ಲಿ ಆ ಕಾಟ ಇರಲ್ಲ, ಅಲ್ಲಿ ಇರೋರೆಲ್ಲ ಹುಚ್ಚರೇ. ಇನ್ನೊಂದು, ಈಗ ಹೆಚ್ಚಿನ ಶೋಗಳಲ್ಲಿ ಫ್ಯಾನ್ ಪಿಟ್ ಅಂತ ಮುಂದಿನ ಭಾಗಕ್ಕೆ ಬೇರೆ ಟಿಕೆಟ್ ಮಾಡ್ತಾರೆ, ರೇಟು ದುಪ್ಪಟ್ಟೂ ಇರಬಹುದು. ತಗೊಳೋಕೆ ಮುಂಚೆ ಮೈದಾನದ ನಕ್ಷೆ ನೋಡಿ ಮಿಕ್ಸರ್ ಎಲ್ಲಿ ಬರುತ್ತೆ ಅಂತ ತಿಳ್ಕೊಳಿ, ಎಷ್ಟೋ ಸಲ ಅದು ಕಮ್ಮಿ ಟಿಕೆಟ್ಟಿನ ಕಡೆಗೇ ಇರುತ್ತೆ, ಆಗ ಒಳ್ಳೇ ಸೌಂಡು ಕಮ್ಮಿ ದುಡ್ಡಿಗೆ ಸಿಕ್ಕಂಗೆ.

ಶಿವಮೊಗ್ಗದವ್ರಿಗೆ ಮಿಕ್ಸರ್ ಇನ್ನೂ ಒಂದು ಕಾರಣಕ್ಕೆ ಬೇಕು, ರೈಲು. ಬಯಲಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಂಗಿಲ್ಲ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ, ಹಂಗಾಗಿ ಬೆಂಗಳೂರಲ್ಲಿ ಶೋಗಳು ಹತ್ತಕ್ಕೆ ಮುಗಿಯುತ್ತೆ. ಮೈಸೂರು-ತಾಳಗುಪ್ಪ ರೈಲು ಮೆಜೆಸ್ಟಿಕ್ ಬಿಡೋದು ಹನ್ನೊಂದರ ಆಸುಪಾಸಿಗೆ. ಮಿಕ್ಸರ್ ಹಿಂದಿಂದ ಹೊರಟ್ರೆ ಅರಮನೆ ಮೈದಾನದ ಗೇಟು ದಾಟಿ ಆಟೋ ಹಿಡಿದು ರೈಲು ಹತ್ತಬಹುದು. ಬ್ಯಾರಿಕೇಡಿಂದ ಹೊರಟ್ರೆ ನಿಮ್ಮ ಹಿಂದೆ ಇದ್ದ ಇಡೀ ಜನ ಈಗ ನಿಮ್ಮ ಮುಂದೆ ಇರ್ತಾರೆ, ಗೇಟಿಗೆ ಬರೋದ್ರೊಳಗೆ ರೈಲು ಯಶವಂತಪುರ ದಾಟಿರುತ್ತೆ, ಆಮೇಲೆ ಸಿಕ್ಕ ಬಸ್ಸಲ್ಲಿ ಕಡೇ ಸೀಟು, ಟಯರ್ ಮೇಲೆ.

ಈಗ ನಮ್ಮೂರಿನ ವಿಷ್ಯಕ್ಕೆ ಬರೋಣ. ಇಲ್ಲಿ ದಸರಾ ಅಥವಾ ಯಾವ್ದಾದ್ರೂ ಉತ್ಸವಕ್ಕೆ ಬ್ಯಾಂಡ್ ಬಂದ್ರೆ ಫ್ರೀ ಎಂಟ್ರಿ, ಜನ ಸಂಸಾರ ಸಮೇತ ಬರ್ತಾರೆ, ಚುರುಮುರಿ ಗಾಡಿ ಇರುತ್ತೆ, ಅದೆಲ್ಲ ಚಂದನೇ. ಆದ್ರೆ ಬ್ಯಾರಿಕೇಡ್ ಜಾಗದಲ್ಲಿ ಸೋಫಾ! ಬಿಳಿ ಬಟ್ಟೆ ಹೊದಿಸಿದ ಸೋಫಾ, ಮುಂದೆ ಟೀಪಾಯಿ, ಅದ್ರ ಮೇಲೆ ನೀರಿನ ಬಾಟ್ಲು, ಅದ್ರ ಹಿಂದೆ ಗಣ್ಯರಿಗೆ ಕೆಂಪು ಕುರ್ಚಿ, ಅದ್ರ ಹಿಂದೆ ಪಾಸ್ ಇರೋರು, ಅದ್ರ ಹಿಂದೆ ಕಟ್ಟಿದ ಬೊಂಬಿನ ಆಚೆ ನಾವು. ಗಿಟಾರಿಸ್ಟ್ ಮಂಡಿ ಊರಿ ಸೋಲೋ ಬಾರಿಸ್ತಿದ್ರೆ ಅವನ ಎದುರಿಗೆ ಕೂತಿರೋರು ಮೊಬೈಲ್ ನೋಡ್ತಿರ್ತಾರೆ, ಪಾಪ ಅವನ ಮುಖ ನೋಡಕ್ಕಾಗಲ್ಲ. ಮಿಕ್ಸರೂ ಇಲ್ಲಿ ಎಷ್ಟೋ ಸಲ ಮಧ್ಯದಲ್ಲಿ ಇರಲ್ಲ, ಗಣ್ಯರಿಗೆ ಅಡ್ಡ ಆಗುತ್ತೆ ಅಂತ ಸ್ಟೇಜಿನ ಪಕ್ಕಕ್ಕೆ ಮೂಲೇಲಿ ಇಟ್ಟಿರ್ತಾರೆ, ಅಲ್ಲಿ ಕೂತವನಿಗೆ ಜನಕ್ಕೆ ಏನು ಕೇಳ್ತಿದೆ ಅಂತ್ಲೇ ಗೊತ್ತಾಗಲ್ಲ, ಮೈಕು ಕುಯ್ಯ್ ಅಂದಾಗ್ಲೇ ಎಚ್ಚರ ಆಗೋದು. ಹಂಗಾಗಿ ಇಲ್ಲಿ ಮಿಕ್ಸರ್ ಹುಡುಕ್ಬೇಡಿ, ಎರಡೂ ಕಡೆಯ ಸ್ಪೀಕರ್‌ಗಳಿಗೆ ಸಮ ದೂರದಲ್ಲಿ, ಬೊಂಬಿಗೆ ಅಂಟಿಕೊಂಡು ನಿಂತ್ಕೊಳಿ. ಭಾಷಣ ಸನ್ಮಾನ ಮುಗಿದು ಮೂರ್ನಾಲ್ಕು ಹಾಡಾಗೋ ಹೊತ್ತಿಗೆ ಗಣ್ಯರು ಎದ್ದು ಹೋಗ್ತಾರೆ, ಪೊಲೀಸ್ರೂ ಸಡಿಲ ಆಗ್ತಾರೆ, ಆಗ ಬೊಂಬು ಹಾರಿದ್ರೆ ಸೋಫಾನೇ ನಿಮ್ದು. ಹಬ್ಬಗಳಿಗೆ ವರ್ಷದಲ್ಲಿ 15 ದಿನದವರೆಗೆ ರಾತ್ರಿ 12ರ ತನಕ ಸರ್ಕಾರ ವಿನಾಯ್ತಿ ಕೊಡಬಹುದು ಅಂತ ಅದೇ ನಿಯಮದಲ್ಲಿ ಇದೆ, ಹಂಗಾಗಿ ಅವಸರ ಬೇಡ.

ಒಂದು ಮಾತ್ರ ಒಪ್ಕೊಬೇಕು. ರಘು ದೀಕ್ಷಿತ್ ಥರದವ್ರು ಶಿಶುನಾಳ ಶರೀಫರ ಪದ ಎತ್ತಿಕೊಂಡ್ರೆ ನಮ್ಮೂರಿನ ಮೈದಾನದಲ್ಲಿ ಆಗೋದು ಬೆಂಗಳೂರಿನ ಯಾವ ಫ್ಯಾನ್ ಪಿಟ್ಟಲ್ಲೂ ಆಗಲ್ಲ, ಹಿಂದೆ ಶಾಲು ಹೊದ್ದು ನಿಂತಿರೋ ಅಜ್ಜಂಗೂ ಸಾಲು ಬರುತ್ತೆ, ಡಿಸ್ಟಾರ್ಷನ್ ಗಿಟಾರ್ ಮೇಲೆ ಅವ್ರು ಭಜನೆ ದನೀಲಿ ಹಾಡ್ತಾರೆ. ಆಗ ಸೌಂಡು ಕೆಟ್ಟಿದೆ ಅಂತ ನಾನೂ ತಲೆ ಕೆಡಿಸ್ಕೊಳಲ್ಲ.

ತೀರ್ಥಹಳ್ಳಿ ಕಡೆ ಸ್ನೇಹಿತ್ರ ತೋಟದ ಅಂಗಳದಲ್ಲಿ ಜನರೇಟರ್ ಇಟ್ಟು ಬಾರಿಸಿದ್ದನ್ನೂ ಕೇಳಿದೀನಿ, ಅಡಿಕೆ ಕೊಯ್ಲು ಮುಗಿದ ಮೇಲೆ ಚಳಿಯಲ್ಲಿ. ಅಲ್ಲಿ ಡ್ರಮ್ಮಿಗೆ ಮೈಕೇ ಇಲ್ಲ, ಎರಡೇ ಬಾಕ್ಸು, ಅದ್ರಲ್ಲಿ ದನಿ ಮಾತ್ರ. ಅಲ್ಲಿ ಹಿಂದೆ ನಿಂತ್ರೆ ಎದುರು ಗುಡ್ಡಕ್ಕೆ ಬಡಿದ ಸ್ನೇರ್ ಡ್ರಮ್ಮಿನ ಏಟು ವಾಪಸ್ ಬಂದು ತಾಳ ಎರಡೆರಡು ಸಲ ಕೇಳುತ್ತೆ. ಅಂಥ ಕಡೆ ಮುಂದೇನೇ ನಿಲ್ಬೇಕು, ಮುಂದೆ ಅಂದ್ರೆ ಡ್ರಮ್ಮರ್ ಮೊಣಕೈ ತಾಗೋ ಅಷ್ಟು.

ಎಲ್ಲೇ ನಿಂತ್ರೂ ಕಿವಿಗೆ ಪ್ಲಗ್ ಹಾಕ್ಕೊಳಿ, ಇದಕ್ಕೆ ನಗೋ ಹುಡುಗ್ರಿಗೆ ಒಂದು ಲೆಕ್ಕ: 85 ಡೆಸಿಬೆಲ್ ಆದ್ರೆ 8 ಗಂಟೆ ತಡ್ಕೊಬಹುದು, ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತೆ, 100 ಮುಟ್ಟಿದ್ರೆ ಕಾಲು ಗಂಟೆ. ರಾಕ್ ಶೋ 100 ದಾಟೋದು ಮಾಮೂಲಿ. ಮೆಡಿಕಲ್ ಶಾಪಲ್ಲಿ ಸಿಗೋ ಸ್ಪಂಜಿನ ಪ್ಲಗ್ ಅಗ್ಗ, ಆದ್ರೆ ಸಿಂಬಲ್ ಅನ್ನೋ ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳ ಸೌಂಡನ್ನ ಕಂಬಳಿ ಹೊದಿಸಿದಂಗೆ ಮುಚ್ಚಾಕುತ್ತೆ, ಬ್ಯಾರಿಕೇಡಿಗೆ ಅದು ಸಾಕು. ಮಿಕ್ಸರ್ ಹಿಂದೆ ನಿಲ್ಲೋರು ಸೌಂಡನ್ನ ಮುಚ್ಚಾಕದೆ ಬರೀ ಕಮ್ಮಿ ಮಾಡೋ, ಫಿಲ್ಟರ್ ಇರೋ ಮ್ಯೂಸಿಕ್ ಪ್ಲಗ್ ತಗೊಳಿ, ಇಲ್ದಿದ್ರೆ ಅಲ್ಲಿ ನಿಂತು ಏನು ಬಂತು.

ಅಣ್ಣನ ಮಗಳು ಈ ಸಲ ಮೊದಲ್ನೇ ಶೋಗೆ ಹೊರಟಿದಾಳೆ, ಇಷ್ಟೆಲ್ಲ ಹೇಳಿದ್ಮೇಲೂ ಅವಳಿಗೆ ಬ್ಯಾರಿಕೇಡೇ ಬೇಕಂತೆ. ಹೋಗ್ಲಿ ಬಿಡಿ, ಹತ್ತೊಂಬತ್ತು ವರ್ಷಕ್ಕೆ ಅದೇ ಸರಿ. ವಾಪಸ್ ಟಿಕೆಟ್ ಮಾತ್ರ ಮಾರನೇ ದಿನದ್ದು ಮಾಡ್ಸಿದೀನಿ.